ಚಾನ್ಸ್ ಎಷ್ಟಿದೆ ಸಾರ್?

ಹಾರ್ವರ್ಡ್, ಯೇಲ್, ಎಂಐಟಿಗಳ ಬಾಗಿಲು ತಟ್ಟಿದ ನೂರು ಮಂದಿಯಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನ ಬರಿಗೈಲಿ ವಾಪಸ್. ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ಲೆಕ್ಕ ಇನ್ನೂ ಬಿಗಿ. ಸಿಇಟಿ ಕಟ್‌ಆಫ್ ನೋಡಿ ಸೀಟು ಊಹಿಸುವ ನಮ್ಮ ಜಾಣತನ ಅಲ್ಲೇಕೆ ನಡೆಯುವುದಿಲ್ಲ? ಮಾರ್ಕ್ಸ್ ಕಾರ್ಡಿಗಿಂತ ಮೊದಲು ತೆರೆದು ನೋಡಬೇಕಾದ್ದು ಯಾವುದನ್ನು?

ಮಾರ್ಚ್ 15ರ ನಸುಕು, 3 ಗಂಟೆ 58 ನಿಮಿಷ. ನಂದಿನಿ ಹಾಲಿನ ವ್ಯಾನು ಇನ್ನೂ ಬೀದಿಗೆ ಬಂದಿಲ್ಲ. ಬಸವನಗುಡಿಯಲ್ಲೋ, ಹುಬ್ಬಳ್ಳಿಯ ವಿದ್ಯಾನಗರದಲ್ಲೋ, ಮಂಗಳೂರಿನ ಕದ್ರಿಯಲ್ಲೋ ಒಂದು ಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಲ್ಯಾಪ್‌ಟಾಪಿನ ಮುಂದೆ ಹದಿನೇಳರ ಹುಡುಗಿ, ಅವಳ ಕುರ್ಚಿಯ ಬೆನ್ನು ಹಿಡಿದು ನಿಂತ ಅಪ್ಪ, ಇಷ್ಟು ಬೇಗ ಸ್ನಾನ ಮುಗಿಸಿ ದೇವರಿಗೆ ದೀಪ ಹಚ್ಚಿ ಬಂದ ಅಮ್ಮ. ಏನು ನಡೆಯುತ್ತಿದೆ ಎಂದು ಅಜ್ಜಿಗೆ ಪೂರ್ತಿ ಗೊತ್ತಿಲ್ಲ. ಆದರೂ ಎದ್ದು ಕೂತಿದ್ದಾರೆ.

ಆ ಹೊತ್ತಿಗೆ ಅಮೆರಿಕದ ಪೂರ್ವ ತೀರದಲ್ಲಿ ಮಾರ್ಚ್ 14ರ ಸಂಜೆ 6.28. ಮಾರ್ಚ್ 14 ಎಂದರೆ 3.14, ಅಂದರೆ ‘ಪೈ’ ದಿನ. 6.28 ಅದರ ಎರಡರಷ್ಟು. ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ತನ್ನ ಪ್ರವೇಶದ ಫಲಿತಾಂಶವನ್ನು ಸರಿಯಾಗಿ ಆ ನಿಮಿಷಕ್ಕೆ ಬಿಡುತ್ತದೆ. ಗಣಿತದವರ ತಮಾಷೆ. ಕಾಯುವವರಿಗೆ ಅದರಲ್ಲಿ ನಗು ಬರುವುದು ಕಷ್ಟ.

ಎರಡು ವಾರ ಕಳೆದರೆ ಐವಿ ಲೀಗಿನ ಎಂಟು ವಿಶ್ವವಿದ್ಯಾಲಯಗಳ ಸರದಿ. ಅಲ್ಲಿ ಸಂಜೆ ಏಳು, ಇಲ್ಲಿ ಬೆಳಗಿನ ಜಾವ ನಾಲ್ಕೂವರೆ. ಮತ್ತೆ ಅದೇ ದೀಪ, ಅದೇ ಲ್ಯಾಪ್‌ಟಾಪು.

ಈ ಜಾಗರಣೆಗೆ ವರ್ಷದ ಮೊದಲೇ ಮನೆಗಳಲ್ಲಿ ಒಂದು ಪ್ರಶ್ನೆ ಓಡಾಡತೊಡಗಿರುತ್ತದೆ. ಕನ್ಸಲ್ಟೆಂಟ್ ಮುಂದೆ ಕೂತು ಅದನ್ನು ಕೇಳುತ್ತಾರೆ, ನ್ಯೂಜೆರ್ಸಿಯ ಭಾವಮೈದುನನಿಗೆ ಫೋನ್ ಹಚ್ಚಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರ ಮಗ ಅಮೆರಿಕದಲ್ಲಿದ್ದಾನೆಂದು ತಿಳಿದ ಕೂಡಲೇ ಕೇಳುತ್ತಾರೆ: ‘ನೈಂಟಿ ಸೆವೆನ್ ಪರ್ಸೆಂಟ್ ಇದೆ. ಸ್ಯಾಟ್ ಸಾವಿರದ ಐನೂರ ನಲವತ್ತು. ಚಾನ್ಸ್ ಎಷ್ಟಿದೆ ಸಾರ್?’

## ಕಟ್‌ಆಫ್ ಇಲ್ಲದ ಊರು

ಪ್ರಶ್ನೆಯಲ್ಲಿ ತಪ್ಪಿಲ್ಲ. ನಮ್ಮ ಊರಿನಲ್ಲಿ ಅದಕ್ಕೆ ಉತ್ತರವೂ ಇದೆ. ಸಿಇಟಿ ರ್‍ಯಾಂಕು ಬಂದ ದಿನವೇ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ತೆರೆದು, ‘ಇಂಥ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗಲ್ಲ, ಎಲೆಕ್ಟ್ರಾನಿಕ್ಸ್ ಸಿಗುತ್ತೆ’ ಎಂದು ದೊಡ್ಡಪ್ಪನ ಮಗ ಹೇಳಿಬಿಡುತ್ತಾನೆ. ಬಹುಪಾಲು ಹಾಗೇ ಆಗುತ್ತದೆ.

ಐಐಟಿಯದೂ ಅದೇ ಕತೆ. 2024ರಲ್ಲಿ ಎಲ್ಲ ಐಐಟಿಗಳಲ್ಲಿ ಸೇರಿ ಇದ್ದ ಸೀಟು 17,740. ಸ್ಪರ್ಧೆ ಕ್ರೂರ, ಆದರೆ ಲೆಕ್ಕ ಬಹಿರಂಗ. ನಿಮ್ಮ ರ್‍ಯಾಂಕು, ನಿಮ್ಮ ಮೀಸಲಾತಿ ವರ್ಗ, ಉಳಿದಿರುವ ಸೀಟು, ಇಷ್ಟೇ. ನೀವು ವೀಣೆ ನುಡಿಸುತ್ತೀರೋ, ಅಪ್ಪನ ಅಂಗಡಿ ನೋಡಿಕೊಳ್ಳುತ್ತೀರೋ ಯಾರೂ ಕೇಳುವುದಿಲ್ಲ.

ಹೀಗೆ ಬೆಳೆದವರಿಗೆ ಹಾರ್ವರ್ಡ್‌ನ ಅಂಕಿ ಕಂಡಾಗ ಅದೂ ಒಂದು ಕಟ್‌ಆಫ್‌ನಂತೆಯೇ ಕಾಣುತ್ತದೆ. 2024ರ ವಸಂತದಲ್ಲಿ ಫಲಿತಾಂಶ ಪ್ರಕಟವಾದ ಸುತ್ತಿಗೆ ಅಲ್ಲಿಗೆ ಬಂದ ಅರ್ಜಿ 54,008, ಸೀಟು ಸಿಕ್ಕಿದ್ದು 1,937 ಮಂದಿಗೆ. ಶೇಕಡಾ 3.6. ‘ನೂರಕ್ಕೆ ಮೂರೂವರೆ ಅಂದರೆ ನಮ್ಮ ಮಗ ಕ್ಲಾಸಿಗೇ ಫಸ್ಟು, ಬರ್ತಾನೆ ಬಿಡಿ’ ಎಂದು ಅಪ್ಪ ಲೆಕ್ಕ ಹಾಕುತ್ತಾರೆ. ಆ ನೂರರಲ್ಲಿ ಬಹಳ ಮಂದಿ ತಂತಮ್ಮ ಕ್ಲಾಸಿಗೆ ಫಸ್ಟು ಬಂದವರೇ ಎಂಬುದು ಲೆಕ್ಕದಿಂದ ಜಾರಿಹೋಗಿರುತ್ತದೆ.

ಅಂಕಿಗಳ ಕಟ್ಟು

• ಹಾರ್ವರ್ಡ್, 2024: ಅರ್ಜಿ 54,008, ಆಯ್ಕೆ 1,937
• ಯೇಲ್, 2024: ಅರ್ಜಿ 57,465, ಆಯ್ಕೆ 2,146
• ಎಂಐಟಿ, 2024: ಅರ್ಜಿ 28,232, ಆಯ್ಕೆ 1,284. ಎಲ್ಲರನ್ನೂ ಸೇರಿಸಿದರೆ ಶೇ 4.5, ವಿದೇಶಿ ಅರ್ಜಿಗಳನ್ನಷ್ಟೇ ಎಣಿಸಿದರೆ ಶೇ 2ರ ಆಸುಪಾಸು
• ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು, 2023–24: 3,31,602. ಅದೇ ವರ್ಷ ಚೀನಾವನ್ನು ಹಿಂದಿಕ್ಕಿ ಭಾರತ ಮೊದಲ ಸ್ಥಾನಕ್ಕೆ ಬಂತು. ಆದರೆ ಇವರಲ್ಲಿ ಪದವಿ ಓದುತ್ತಿದ್ದವರು ಸುಮಾರು 36 ಸಾವಿರ ಮಾತ್ರ. ಉಳಿದವರಲ್ಲಿ ಹೆಚ್ಚಿನವರು ಎಂ.ಎಸ್., ಪಿಎಚ್.ಡಿ.ಗೆ ಹೋದವರು ಅಥವಾ ಓದು ಮುಗಿಸಿ ತರಬೇತಿಯ ಕೆಲಸದಲ್ಲಿರುವವರು

ಈ ಕೊನೆಯ ಸಾಲು ಮುಖ್ಯ. ನಮ್ಮ ಬಳಗದಲ್ಲಿ ‘ಅಮೆರಿಕದಲ್ಲಿ ಓದಿದವರು’ ಬಹುತೇಕ ಎಂ.ಎಸ್.ಗೆ ಹೋದವರು. ಅಲ್ಲಿ ಆಯ್ಕೆ ಮಾಡುವುದು ಆಯಾ ವಿಭಾಗ. ಪದವಿಯ ಅಂಕ, ಪ್ರಾಜೆಕ್ಟು, ಪ್ರಾಧ್ಯಾಪಕರ ಪತ್ರ ನೋಡುತ್ತಾರೆ. ಪಿಯು ಮುಗಿಸಿ ನೇರ ಪದವಿಗೆ ಹೋಗುವವರ ದಾರಿಯೇ ಬೇರೆ. ಒಂದರ ಅನುಭವ ಇನ್ನೊಂದಕ್ಕೆ ಹೊಂದುವುದಿಲ್ಲ. ನ್ಯೂಜೆರ್ಸಿಯ ಭಾವಮೈದುನನ ಸಲಹೆ ಪ್ರೀತಿಯದು, ಆದರೆ ಈ ವಿಷಯದಲ್ಲಿ ಅಷ್ಟೇನೂ ಉಪಯೋಗದ್ದಲ್ಲ.

## ಬ್ರ್ಯಾಟಲ್ ಬೀದಿ, 86ನೇ ನಂಬರು

ಬೋಸ್ಟನ್ ಪಕ್ಕದ ಕೇಂಬ್ರಿಜ್ ಪಟ್ಟಣದ ಬ್ರ್ಯಾಟಲ್ ಬೀದಿಯಲ್ಲಿ 86ನೇ ನಂಬರಿನ ಕಟ್ಟಡವೇ ಹಾರ್ವರ್ಡ್‌ನ ಪ್ರವೇಶ ಕಚೇರಿ. ಅದರ ಒಳಗೆ ನಡೆಯುವುದು ದಶಕಗಳ ಕಾಲ ಹೊರಗಿನವರಿಗೆ ತಿಳಿದಿರಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಬೋಸ್ಟನ್‌ನ ಫೆಡರಲ್ ನ್ಯಾಯಾಲಯ ಅದನ್ನು ಬಯಲಿಗೆ ತಂದಿತು. ಏಷ್ಯಾ ಮೂಲದ ಅರ್ಜಿದಾರರಿಗೆ ಅನ್ಯಾಯವಾಗುತ್ತಿದೆ ಎಂದು ಒಂದು ಸಂಘಟನೆ ದಾವೆ ಹೂಡಿತ್ತು. ಕಡತಗಳು, ಮಿಂಚಂಚೆಗಳು, ಅಂಕಿಅಂಶ ಎಲ್ಲವೂ ಕಟಕಟೆಗೆ ಬಂದವು. ದಾವೆ ಕೊನೆಗೆ ಸುಪ್ರೀಂ ಕೋರ್ಟ್ ಮುಟ್ಟಿ, 2023ರ ಜೂನ್ 29ರಂದು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಗೇ ತೆರೆ ಬಿತ್ತು. ಅದಿರಲಿ, ನಮಗೆ ಬೇಕಾದ್ದು ಒಳಗಿನ ನಡಾವಳಿ.

ಅರ್ಜಿಗಳನ್ನು ಊರು, ದೇಶಗಳ ಲೆಕ್ಕದಲ್ಲಿ ಸುಮಾರು ಇಪ್ಪತ್ತು ಗುಂಪು ಮಾಡುತ್ತಾರೆ. ಪ್ರತಿ ಗುಂಪಿಗೆ ಓದುವ ಅಧಿಕಾರಿಗಳಿರುತ್ತಾರೆ. ಓದಿನ ಸಾಧನೆ, ಪಠ್ಯೇತರ ಚಟುವಟಿಕೆ, ಕ್ರೀಡೆ, ವ್ಯಕ್ತಿತ್ವ, ಪ್ರತಿಯೊಂದಕ್ಕೂ 1ರಿಂದ 6ರವರೆಗೆ ಅಂಕ. 1 ಎಂದರೆ ಅತ್ಯುತ್ತಮ. ಆಮೇಲೆ ಉಪಸಮಿತಿ. ಅದಾದ ಮೇಲೆ ಸುಮಾರು 40 ಮಂದಿಯ ಪೂರ್ಣ ಸಮಿತಿ ಕೂತು ಮತ ಹಾಕುತ್ತದೆ.

ಇದರ ಅರ್ಥ ಗಮನಿಸಿ. ಧಾರವಾಡದ ಹುಡುಗನ ಅರ್ಜಿಯ ಪಕ್ಕದಲ್ಲಿ ಮೊದಲಿಗೆ ಇರುವುದು ಅಯೋವಾದ ಜೋಳದ ಹೊಲದಿಂದ ಬಂದ ಹುಡುಗನ ಅರ್ಜಿಯಲ್ಲ. ದೆಹಲಿ, ಮುಂಬೈ, ಚೆನ್ನೈನ ದುಬಾರಿ ಶಾಲೆಗಳ ಅರ್ಜಿಗಳು. ಒಲಿಂಪಿಯಾಡ್ ಪದಕದವರೂ ಅದೇ ಕಟ್ಟಿನಲ್ಲಿ ಇರುತ್ತಾರೆ. ಗಣಿತ ಒಲಿಂಪಿಯಾಡಿಗೆ ಭಾರತ ವರ್ಷಕ್ಕೆ ಕಳಿಸುವುದು ಆರೇ ಮಂದಿಯನ್ನು. ಅವರಲ್ಲಿ ಒಬ್ಬರಿಬ್ಬರ ಕಡತ ನಿಮ್ಮ ಮಗಳ ಕಡತದ ಮೇಲೋ ಕೆಳಗೋ ಇದ್ದರೆ ಆಶ್ಚರ್ಯವಿಲ್ಲ.

ಅಂಕದ ಭ್ರಮೆ ಬಿಡಿಸುವ ಅಂಕಿಯೊಂದು ಆ ದಾವೆಯ ದಾಖಲೆಗಳಲ್ಲೇ ಇದೆ. 2019ರಲ್ಲಿ ಪದವಿ ಮುಗಿಸಬೇಕಿದ್ದ ತಂಡಕ್ಕೆ ಅಮೆರಿಕದೊಳಗಿಂದಲೇ ಬಂದ ಅರ್ಜಿ ಸುಮಾರು 26 ಸಾವಿರ. ಅವರಲ್ಲಿ ಶಾಲಾ ಅಂಕ ನೂರಕ್ಕೆ ನೂರು ಎನ್ನುವಂತಿದ್ದವರು 8 ಸಾವಿರಕ್ಕೂ ಹೆಚ್ಚು. ಸ್ಯಾಟ್ ಪ್ರವೇಶ ಪರೀಕ್ಷೆಯ ಗಣಿತದಲ್ಲಿ ಪೂರ್ಣ ಅಂಕ ಪಡೆದವರು ಸುಮಾರು 3,500. ಇದ್ದ ಸೀಟು 1,600ರಷ್ಟು. ಪೂರ್ಣ ಅಂಕದವರನ್ನಷ್ಟೇ ತೆಗೆದುಕೊಂಡರೂ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಹೊರಗೆ ಕಳಿಸಬೇಕಿತ್ತು.

ಹಾಗಾದರೆ ಸಮಿತಿ ಮಾಡುವುದೇನು? ಮೇಳ ಕಟ್ಟುವ ಯಕ್ಷಗಾನದ ಯಜಮಾನ ಮಾಡುವುದನ್ನೇ. ಊರಿನ ಹತ್ತು ಶ್ರೇಷ್ಠ ಭಾಗವತರನ್ನು ಒಟ್ಟು ಹಾಕಿದರೆ ಆಟ ಆಗುವುದಿಲ್ಲ. ಮದ್ದಳೆಯವರು ಬೇಕು, ಚೆಂಡೆಯವರು ಬೇಕು, ಸ್ತ್ರೀವೇಷ, ಬಣ್ಣದ ವೇಷ, ಹಾಸ್ಯ ಎಲ್ಲ ಬೇಕು. ಈ ವರ್ಷ ಯಜಮಾನನಿಗೆ ಚೆಂಡೆಯವರೇ ಕಡಿಮೆ ಬಿದ್ದಿದ್ದರೆ ಹನ್ನೊಂದನೇ ಭಾಗವತ ಎಷ್ಟೇ ಚೆನ್ನಾಗಿ ಹಾಡಿದರೂ ಮನೆಗೆ ಹೋಗಬೇಕಾಗುತ್ತದೆ. ಯಾವ ವರ್ಷ ಯಾರು ಬೇಕು ಎಂದು ಹೊರಗಿನವರಿಗೆ ಹೇಳುವುದಿಲ್ಲ.

ಮೇಳದಲ್ಲಿ ಮೊದಲೇ ಕಾದಿರಿಸಿದ ಜಾಗಗಳೂ ಇವೆ. ವಿಚಾರಣೆಯ ದತ್ತಾಂಶ ಆಧರಿಸಿ ಅರ್ಥಶಾಸ್ತ್ರಜ್ಞರು ತೆಗೆದ ಲೆಕ್ಕದ ಪ್ರಕಾರ, ತರಬೇತುದಾರರು ಆರಿಸಿದ ಕ್ರೀಡಾಪಟುಗಳಲ್ಲಿ ಶೇ 86ರಷ್ಟು ಮಂದಿಗೆ ಹಾರ್ವರ್ಡ್ ಸೀಟು ಸಿಕ್ಕಿದೆ. ಅಲ್ಲೇ ಓದಿದವರ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗೆ. ಇವರೆಲ್ಲ ಸೇರಿ ಆದ ಸರಾಸರಿಯೇ ನಾವು ಪತ್ರಿಕೆಯಲ್ಲಿ ಓದುವ ಅಂಕಿ. ಅಪ್ಪ ಹಾರ್ವರ್ಡ್‌ನಲ್ಲಿ ಓದಿರದ, ದೋಣಿ ಹುಟ್ಟು ಹಾಕಲು ಬಾರದ ಬಳ್ಳಾರಿಯ ಹುಡುಗನ ಪಾಲಿಗೆ ಆ ಸರಾಸರಿ ಸುಳ್ಳು.

ಅಂಕದ ಬದಲು ‘ವ್ಯಕ್ತಿತ್ವ’ ಅಳೆಯುವ ಈ ಪದ್ಧತಿಯ ಹುಟ್ಟು ಅಷ್ಟೇನೂ ಪವಿತ್ರವಲ್ಲ. 1920ರ ದಶಕದಲ್ಲಿ ಪರೀಕ್ಷೆ ಬರೆದು ಗೆದ್ದು ಬರುವ ಯಹೂದಿ ಹುಡುಗರ ಸಂಖ್ಯೆ ಹಾರ್ವರ್ಡ್‌ನಲ್ಲಿ ಐದರಲ್ಲಿ ಒಂದು ಪಾಲು ದಾಟಿದಾಗ, ಅಧ್ಯಕ್ಷ ಲಾರೆನ್ಸ್ ಲೊವೆಲ್‌ಗೆ ಕಸಿವಿಸಿ ಶುರುವಾಯಿತು. 1922ರಲ್ಲಿ ನೇರವಾಗಿ ಮಿತಿ ಹಾಕಲು ಹೋದ, ಪ್ರಾಧ್ಯಾಪಕರು ಒಪ್ಪಲಿಲ್ಲ. 1926ರಲ್ಲಿ ಬೇರೆ ದಾರಿ ಹಿಡಿದ. ನಡತೆ, ವ್ಯಕ್ತಿತ್ವ, ಭಾವಚಿತ್ರ ನೋಡಿ ಆಯ್ಕೆ ಮಾಡುವ ಕ್ರಮ ಬಂತು. ಜೆರೋಮ್ ಕ್ಯಾರಬೆಲ್ 2005ರಲ್ಲಿ ಬರೆದ ‘ದಿ ಚೋಸನ್’ ಪುಸ್ತಕದಲ್ಲಿ ಈ ಚರಿತ್ರೆ ಎಳೆಎಳೆಯಾಗಿ ಇದೆ. ಇಂದಿನ ಉದ್ದೇಶ ಬೇರೆಯಿರಬಹುದು. ಆದರೆ ಮುಚ್ಚಿದ ಬಾಗಿಲ ಹಿಂದೆ, ಕಾರಣ ಹೇಳದೆ ಆರಿಸುವ ಅಧಿಕಾರ ಅಂದಿನಿಂದ ಬಂದದ್ದೇ.

## ಮೊದಲ ಪ್ರಶ್ನೆ ದುಡ್ಡಿನದು

ಈಗ ಯಾವ ಕನ್ಸಲ್ಟೆಂಟೂ ಮೊದಲ ಭೇಟಿಯಲ್ಲಿ ಜೋರಾಗಿ ಹೇಳದ ವಿಷಯಕ್ಕೆ ಬರೋಣ. ವಿದೇಶಿ ವಿದ್ಯಾರ್ಥಿಯ ಅವಕಾಶವನ್ನು ನಿರ್ಧರಿಸುವುದರಲ್ಲಿ ಸ್ಯಾಟ್ ಅಂಕಕ್ಕಿಂತ, ಅರ್ಜಿಯ ಜೊತೆಗಿನ ಪ್ರಬಂಧಕ್ಕಿಂತ ದೊಡ್ಡ ಕೈ ಒಂದಿದೆ. ನಿಮ್ಮ ಮನೆಯವರು ವರ್ಷಕ್ಕೆ ಎಷ್ಟು ಕೊಡಬಲ್ಲರು?

2024–25ರಲ್ಲಿ ಹಾರ್ವರ್ಡ್‌ನಲ್ಲಿ ಬೋಧನಾ ಶುಲ್ಕ, ವಸತಿ, ಊಟ ಸೇರಿ ವರ್ಷಕ್ಕೆ 82,866 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ 70 ಲಕ್ಷ ದಾಟುತ್ತದೆ. ನಾಲ್ಕು ವರ್ಷಕ್ಕೆ ಎರಡೂಮುಕ್ಕಾಲು ಕೋಟಿಗೂ ಮೇಲೆ. ಇದು ಹಾರ್ವರ್ಡ್‌ನ ಕತೆ ಮಾತ್ರವಲ್ಲ. ಹೆಸರಿರುವ ಖಾಸಗಿ ವಿಶ್ವವಿದ್ಯಾಲಯಗಳೆಲ್ಲ ಹೆಚ್ಚುಕಮ್ಮಿ ಅಲ್ಲೇ ಇವೆ.

‘ಸ್ಕಾಲರ್‌ಶಿಪ್ ಸಿಗಲ್ವಾ?’ ಸಿಗುತ್ತದೆ. ಆದರೆ ನಮ್ಮ ಅರ್ಥದಲ್ಲಲ್ಲ. ಐವಿ ಲೀಗಿನ ಎಂಟೂ ವಿಶ್ವವಿದ್ಯಾಲಯಗಳು ಪ್ರತಿಭೆಗೆಂದು ಒಂದು ಡಾಲರೂ ಕೊಡುವುದಿಲ್ಲ. ಅಲ್ಲಿ ಸೀಟು ಪಡೆದವರೆಲ್ಲ ಪ್ರತಿಭಾವಂತರೇ ಎಂಬುದು ಅವರ ವಾದ. ಕೊಡುವುದು ಮನೆಯ ಅಗತ್ಯ ನೋಡಿ. ಅಪ್ಪ ಅಮ್ಮನ ಆದಾಯ, ಬ್ಯಾಂಕಿನ ಠೇವಣಿ, ಆಸ್ತಿ ಎಲ್ಲವನ್ನೂ ಬಿಡಿಸಿ ಬರೆಯುವ ದೊಡ್ಡ ಅರ್ಜಿಯೊಂದನ್ನು ತುಂಬಬೇಕು.

ತೊಡಕು ಇರುವುದು ಇಲ್ಲಿ. ಕೆಲವೇ ಕೆಲವು ಕಡೆ ಮಾತ್ರ ‘ಇವನಿಗೆ ನೆರವು ಬೇಕು’ ಎಂಬ ಸಂಗತಿ ಸೀಟಿನ ತೀರ್ಮಾನಕ್ಕೆ ಅಡ್ಡ ಬರುವುದಿಲ್ಲ. ಉಳಿದ ಕಡೆ ಬರುತ್ತದೆ. ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಪೆನ್, ಕಾರ್ನೆಲ್ ಇವೆಲ್ಲ ವಿದೇಶಿ ವಿದ್ಯಾರ್ಥಿ ನೆರವು ಕೇಳಿದ್ದಾನೋ ಇಲ್ಲವೋ ಎಂದು ನೋಡಿಯೇ ತೀರ್ಮಾನಿಸುತ್ತವೆ. ಅಲ್ಲಿ ಅಮೆರಿಕದ ಪ್ರಜೆಗೆ ಈ ತೊಂದರೆ ಇಲ್ಲ. ಒಂದೇ ಅಂಕ, ಒಂದೇ ಬಗೆಯ ಪ್ರಬಂಧ. ಒಬ್ಬನಿಗೆ ಪೂರ್ತಿ ಫೀಸು ಕಟ್ಟುವ ಅಪ್ಪ, ಇನ್ನೊಬ್ಬನಿಗೆ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಅಪ್ಪ. ಇಂಥ ಕಡೆ ಇಬ್ಬರ ಅವಕಾಶವೂ ಒಂದೇ ಎಂದು ಹೇಳಿದರೆ ಅದು ಮೋಸ.

‘ಈಗ ಬೇಡ ಎಂದು ಬರೆಯೋಣ, ಸೇರಿಕೊಂಡ ಮೇಲೆ ಕೇಳೋಣ’ ಎಂಬ ಉಪಾಯವೂ ಚಾಲ್ತಿಯಲ್ಲಿದೆ. ಎಷ್ಟೋ ಕಡೆ ಮೊದಲ ಅರ್ಜಿಯಲ್ಲಿ ನೆರವು ಕೇಳದ ವಿದೇಶಿ ವಿದ್ಯಾರ್ಥಿಗೆ ನಾಲ್ಕು ವರ್ಷವೂ ಕೇಳಲು ಅವಕಾಶವಿರುವುದಿಲ್ಲ. ಎರಡನೇ ವರ್ಷಕ್ಕೆ ಊರಿನ ಸೈಟು ಮಾರಬೇಕಾಗುತ್ತದೆ.

ಜೇಬು ನೋಡದೆ ಸೀಟು ಕೊಡುವವರು

ವಿದೇಶಿ ವಿದ್ಯಾರ್ಥಿಗೂ ನೆರವಿನ ಅಗತ್ಯವನ್ನು ಪರಿಗಣಿಸದೆ ಆಯ್ಕೆ ಮಾಡಿ, ಆಯ್ಕೆಯಾದ ಮೇಲೆ ಪೂರ್ತಿ ಅಗತ್ಯ ತುಂಬಿಕೊಡುವ ಸಂಸ್ಥೆಗಳು ಬೆರಳೆಣಿಕೆಯಷ್ಟು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್. 2022ರಲ್ಲಿ ಡಾರ್ಟ್‌ಮತ್ ಮತ್ತು ಬೌಡಿನ್ ಸೇರಿಕೊಂಡವು. ಆನಂತರ ಬ್ರೌನ್, ನೋಟ್ರ ಡೇಮ್, ವಾಷಿಂಗ್ಟನ್ ಅಂಡ್ ಲೀ.

ಕಾರ್ನೆಲ್‌ನಲ್ಲಿ ಭಾರತೀಯರಿಗೆಂದೇ ಟಾಟಾ ವಿದ್ಯಾರ್ಥಿವೇತನವಿದೆ. 2008ರಲ್ಲಿ ಟಾಟಾ ಟ್ರಸ್ಟ್ ಕೊಟ್ಟ 2.5 ಕೋಟಿ ಡಾಲರ್ ದತ್ತಿಯಿಂದ ನಡೆಯುತ್ತದೆ. ಒಂದು ಹೊತ್ತಿಗೆ ಸುಮಾರು 20 ಮಂದಿ ಅದರಲ್ಲಿ ಓದುತ್ತಿರುತ್ತಾರೆ.

## ಬಾರದ ಮಾರ್ಕ್ಸ್ ಕಾರ್ಡು

ನಮ್ಮ ಪಿಯು ವ್ಯವಸ್ಥೆಗೂ ಅಮೆರಿಕದ ಅರ್ಜಿಗೂ ಇರುವ ಜಗಳ ಇನ್ನೊಂದು.

ಸಾಮಾನ್ಯ ಸುತ್ತಿನ ಅರ್ಜಿಯ ಗಡುವು ಜನವರಿ ಮೊದಲ ವಾರ. ದ್ವಿತೀಯ ಪಿಯು ಪರೀಕ್ಷೆ ಮಾರ್ಚ್‌ನಲ್ಲಿ, ಫಲಿತಾಂಶ ಏಪ್ರಿಲ್‌ನಲ್ಲಿ. ಅಂದರೆ ಯಾವ ಅಂಕದ ಮೇಲೆ ನಾವು ಇಷ್ಟು ಭರವಸೆ ಇಟ್ಟಿದ್ದೇವೋ ಅದು ತೀರ್ಮಾನದ ದಿನ ಹುಟ್ಟಿಯೇ ಇರುವುದಿಲ್ಲ. ಸಮಿತಿಯ ಮುಂದಿರುವುದು ಒಂಬತ್ತನೇ ತರಗತಿ, ಎಸ್ಸೆಸ್ಸೆಲ್ಸಿ, ಪ್ರಥಮ ಪಿಯು ಅಂಕ ಮತ್ತು ದ್ವಿತೀಯ ಪಿಯುನಲ್ಲಿ ಎಷ್ಟು ಬರಬಹುದು ಎಂದು ಕಾಲೇಜು ಬರೆದುಕೊಟ್ಟ ಅಂದಾಜು.

ಒಂಬತ್ತನೇ ತರಗತಿಯನ್ನು ನಮ್ಮಲ್ಲಿ ಯಾರು ಲೆಕ್ಕಕ್ಕಿಡುತ್ತಾರೆ? ನೀಟ್, ಜೆಇಇ ಕೋಚಿಂಗಿನ ಇಂಟಿಗ್ರೇಟೆಡ್ ಕಾಲೇಜುಗಳಲ್ಲಿ ಪ್ರಥಮ ಪಿಯು ಪರೀಕ್ಷೆಯನ್ನು ಮಕ್ಕಳು ದಾಟುಗಾಲಲ್ಲಿ ದಾಟಿಬಿಡುತ್ತಾರೆ. ಅದೇ ಅಂಕ ಸಮಿತಿಯ ಮೇಜಿನ ಮೇಲೆ ಬಂದು ಕೂರುತ್ತದೆ.

ಪತ್ರಗಳ ವಿಷಯವೂ ಹಾಗೇ. ಸಾಮಾನ್ಯವಾಗಿ ಇಬ್ಬರು ಶಿಕ್ಷಕರು ಮತ್ತು ಶಾಲೆಯ ಕೌನ್ಸೆಲರ್ ಒಬ್ಬರು ವಿದ್ಯಾರ್ಥಿಯ ಬಗ್ಗೆ ಬರೆಯಬೇಕು. ಒಂದು ಸೆಕ್ಷನ್ನಿಗೆ ನೂರು ಮಕ್ಕಳಿರುವ ಪಿಯು ಕಾಲೇಜಿನಲ್ಲಿ ಲೆಕ್ಚರರ್‌ಗೆ ಮಗುವಿನ ಹೆಸರು ನೆನಪಿದ್ದರೇ ಪುಣ್ಯ. ಪ್ರಿನ್ಸಿಪಾಲರು ತಮಗೆ ಗೊತ್ತಿರುವುದನ್ನೇ ಬರೆಯುತ್ತಾರೆ: ಶ್ರಮಜೀವಿ, ಸನ್ನಡತೆಯವನು, ಹಿರಿಯರಲ್ಲಿ ಗೌರವವುಳ್ಳವನು. ಬ್ಯಾಂಕ್ ಕೆಲಸಕ್ಕೆ ಬೇಕಾದ ಕ್ಯಾರೆಕ್ಟರ್ ಸರ್ಟಿಫಿಕೇಟು ಅದು. ಇತ್ತ ಕೌನ್ಸೆಲರ್‌ಗಳ ಕೋಣೆಯೇ ಇರುವ ಅಂತರರಾಷ್ಟ್ರೀಯ ಶಾಲೆಯಿಂದ, ಹುಡುಗಿ ಪ್ರಯೋಗಾಲಯದಲ್ಲಿ ಒಂದು ಮಧ್ಯಾಹ್ನ ಏನು ಕೇಳಿದಳು ಎಂಬ ವಿವರದೊಂದಿಗೆ ಎರಡು ಪುಟದ ಪತ್ರ ಹೋಗಿರುತ್ತದೆ. ಬುದ್ಧಿವಂತಿಕೆಯಲ್ಲಿ ಇಬ್ಬರಿಗೂ ಅಂತರವಿರಲಾರದು. ಕಾಗದದ ಮೇಲೆ ಮಾತ್ರ ಅಜಗಜಾಂತರ.

ಚಟುವಟಿಕೆಗಳ ಪಟ್ಟಿಯಲ್ಲಿ ನಮ್ಮವರು ಮಾಡಿಕೊಳ್ಳುವ ತಪ್ಪು ಬೇರೆ. ಕಾಮನ್ ಅಪ್ಲಿಕೇಶನ್ ಎಂಬುದು ಹಲವು ಕಾಲೇಜುಗಳಿಗೆ ಸೇರಿ ಒಂದೇ ಅರ್ಜಿ. 1975ರಲ್ಲಿ 15 ಕಾಲೇಜುಗಳಿಂದ ಶುರುವಾಗಿ ಇಂದು ಸಾವಿರಕ್ಕೂ ಮೀರಿ ಬೆಳೆದಿದೆ. ಅದರಲ್ಲಿ ಚಟುವಟಿಕೆಗೆ ಹತ್ತು ಸಾಲು, ಒಂದೊಂದರ ವಿವರಣೆಗೆ 150 ಅಕ್ಷರ, ಮುಖ್ಯ ಪ್ರಬಂಧಕ್ಕೆ 650 ಪದ. ಹತ್ತನ್ನೂ ತುಂಬಲೇಬೇಕೆಂದು ಹದಿನಾರನೇ ವಯಸ್ಸಿಗೆ ಒಂದು ಎನ್‌ಜಿಒ ಕಟ್ಟಿಸಿ, ವೃದ್ಧಾಶ್ರಮದಲ್ಲಿ ಫೋಟೊ ತೆಗೆಸುವ ಅಪ್ಪಂದಿರಿದ್ದಾರೆ. ಅಂಥ ಎನ್‌ಜಿಒಗಳನ್ನು ಓದಿ ಓದಿ ಆ ಅಧಿಕಾರಿಗಳಿಗೆ ಸಾಕಾಗಿರಬೇಕು.

ಅದೇ ಅರ್ಜಿಯಲ್ಲಿ ‘ಮನೆಯ ಜವಾಬ್ದಾರಿ’ ಎಂಬ ವರ್ಗವೂ ಇದೆ, ‘ಸಂಬಳದ ಕೆಲಸ’ ಎಂಬುದೂ ಇದೆ. ಅಪ್ಪನ ದಿನಸಿ ಅಂಗಡಿಯ ಲೆಕ್ಕ ನೋಡಿಕೊಂಡು ಓದಿದ ಹುಡುಗಿ, ಸಂಜೆ ತಮ್ಮನನ್ನು ನೋಡಿಕೊಂಡ ಹುಡುಗ ಅದನ್ನು ಬರೆಯುವುದೇ ಇಲ್ಲ. ಹೇಳಿಕೊಳ್ಳುವಂಥದ್ದಲ್ಲ ಎಂದು ಸಂಕೋಚ. ಬರೆಯಬೇಕಾದ್ದು ಅದನ್ನೇ.

## ಇಪ್ಪತ್ತು ಅರ್ಜಿ ಹಾಕಿದರೆ?

ಗಣಿತ ಬಲ್ಲ ಅಪ್ಪಂದಿರ ವಾದವೊಂದಿದೆ. ಒಂದೊಂದು ಕಡೆ ಶೇ 4 ಅವಕಾಶ. ಇಪ್ಪತ್ತು ಕಡೆ ಹಾಕಿದರೆ ಒಂದಾದರೂ ಸಿಗುವ ಸಾಧ್ಯತೆ ಶೇ 56. ಸೂತ್ರ ಸರಿ, ಲೆಕ್ಕ ತಪ್ಪು. ನಾಣ್ಯದ ಒಂದು ಚಿಮ್ಮುವಿಕೆಗೂ ಮತ್ತೊಂದಕ್ಕೂ ಸಂಬಂಧವಿಲ್ಲ. ಅರ್ಜಿಗಳ ವಿಷಯ ಹಾಗಲ್ಲ. ಒಂದೇ ಅಂಕಪಟ್ಟಿ, ಅದೇ ಪತ್ರ, ಅದೇ ಪ್ರಬಂಧ ಇಪ್ಪತ್ತು ಕಡೆ ಹೋಗುತ್ತದೆ. ಹಾರ್ವರ್ಡ್‌ಗೆ ಸಪ್ಪೆ ಎನಿಸಿದ ಪತ್ರ ಯೇಲ್‌ಗೂ ಸಪ್ಪೆಯೇ. ಕೆಲವರಿಗೆ ಐದು ಕಡೆ ಸಿಗುತ್ತದೆ, ಬಹಳ ಜನಕ್ಕೆ ಇಪ್ಪತ್ತರಲ್ಲೂ ಇಲ್ಲ. ಅರ್ಜಿಯೊಂದಕ್ಕೆ 75ರಿಂದ 90 ಡಾಲರ್ ಶುಲ್ಕ ಬೇರೆ. ಇಪ್ಪತ್ತಕ್ಕೆ ಒಂದೂಕಾಲು ಲಕ್ಷ ರೂಪಾಯಿ ದಾಟುತ್ತದೆ. ಕಷ್ಟವಿದ್ದವರು ಶುಲ್ಕ ವಿನಾಯಿತಿ ಕೇಳಬಹುದು, ಕೇಳಲು ನಾಚಬೇಕಿಲ್ಲ.

ನವೆಂಬರ್ 1ರ ಗಡುವಿನ ‘ಅರ್ಲಿ’ ಸುತ್ತಿನ ಮೋಹವೂ ಹೀಗೇ. ಆ ಸುತ್ತಿನಲ್ಲಿ ಆಯ್ಕೆಯ ಪ್ರಮಾಣ ಹೆಚ್ಚು ಕಾಣುತ್ತದೆ, ನಿಜ. ಆದರೆ ಕ್ರೀಡಾಪಟುಗಳು, ಹಳೆ ವಿದ್ಯಾರ್ಥಿಗಳ ಮಕ್ಕಳು ಹೆಚ್ಚಾಗಿ ಬರುವುದೂ ಆಗಲೇ. ‘ಅರ್ಲಿ ಡಿಸಿಷನ್’ ಎಂದರೆ ಕೊಟ್ಟರೆ ಸೇರಲೇಬೇಕೆಂಬ ಕರಾರು; ನೆರವು ಸಾಲದಿದ್ದರೆ ಮಾತ್ರ ಬಿಡಿಸಿಕೊಳ್ಳಬಹುದು. ಬೇರೆ ಕಡೆಯ ನೆರವನ್ನು ಪಕ್ಕದಲ್ಲಿಟ್ಟು ತೂಗಿ ನೋಡುವ ಅವಕಾಶ ತಪ್ಪುತ್ತದೆ. ಪೂರ್ತಿ ಫೀಸು ಕಟ್ಟುವವರಿಗೆ ಇದು ಒಳ್ಳೆಯ ಆಯುಧ. ಉಳಿದವರು ಯೋಚಿಸಿ ಇಳಿಯಬೇಕು.

ಹಾಗಾದರೆ ಅಂದಾಜು ಮಾಡಲು ದಾರಿಯೇ ಇಲ್ಲವೇ? ಇದೆ, ಅದೂ ಪುಕ್ಕಟೆ. ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳು ಪ್ರತಿ ವರ್ಷ ‘ಕಾಮನ್ ಡೇಟಾ ಸೆಟ್’ ಎಂಬ ಕಡತವನ್ನು ಜಾಲತಾಣದಲ್ಲಿ ಹಾಕುತ್ತವೆ. ಓದಲು ನೀರಸ. ಆದರೆ ಮೂರು ಜಾಗ ಸಾಕು.

ಸಿ7ರಲ್ಲಿ ಆಯ್ಕೆಗೆ ಯಾವುದು ಎಷ್ಟು ಮುಖ್ಯ ಎಂದು ಅವರೇ ಗುರುತು ಹಾಕಿರುತ್ತಾರೆ. ‘ಅರ್ಜಿದಾರ ತೋರಿದ ಆಸಕ್ತಿ’ಯನ್ನೂ ನೋಡುತ್ತೇವೆ ಎಂದು ಕೆಲವರು ಅಲ್ಲೇ ಒಪ್ಪಿಕೊಂಡಿರುತ್ತಾರೆ. ಸಿ9ರಲ್ಲಿ ಸೇರಿದವರ ಸ್ಯಾಟ್ ಅಂಕಗಳ ವ್ಯಾಪ್ತಿ. ಕೋವಿಡ್ ಕಾಲದಲ್ಲಿ ಸ್ಯಾಟ್ ಕಡ್ಡಾಯವಲ್ಲ ಎಂದಿದ್ದ ಎಂಐಟಿ 2022ರಲ್ಲಿ, ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್ 2024ರಲ್ಲಿ ಮತ್ತೆ ಪರೀಕ್ಷೆಯ ಅಂಕ ಕೇಳತೊಡಗಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮಾತ್ರ ಕೊಟ್ಟರೂ ನೋಡುವುದಿಲ್ಲ.

ಮೂರನೆಯದು ಎಚ್6, ನಮ್ಮವರಿಗೆ ಎಲ್ಲಕ್ಕಿಂತ ಬೆಲೆಯುಳ್ಳ ಸಾಲು. ಎಷ್ಟು ಮಂದಿ ವಿದೇಶಿ ವಿದ್ಯಾರ್ಥಿಗಳಿಗೆ ನೆರವು ಸಿಕ್ಕಿದೆ, ಸರಾಸರಿ ಎಷ್ಟು ಡಾಲರ್ ಎಂಬುದು ಅಲ್ಲಿದೆ. ಉದಾಹರಣೆಗೆ ಒಂದು ಕಾಲೇಜಿನಲ್ಲಿ 400 ವಿದೇಶಿಯರಿದ್ದು, ನೆರವು ಸಿಕ್ಕಿದ್ದು 40 ಮಂದಿಗೆ ಎಂದುಕೊಳ್ಳಿ. ನಿಮಗೆ ನೆರವು ಬೇಕಿದ್ದರೆ ನಿಮ್ಮ ಸ್ಪರ್ಧೆ ಆ 40 ಜಾಗಕ್ಕೆ. ನಾಲ್ಕೂ ವರ್ಷದವರು ಸೇರಿ 40. ಅಂದರೆ ವರ್ಷಕ್ಕೆ ಹತ್ತು, ಇಡೀ ಜಗತ್ತಿಗೆ. ‘ಶೇ 25 ಪ್ರವೇಶ ಪ್ರಮಾಣ’ ಎಂದು ಆ ಕಾಲೇಜಿನ ಜಾಹೀರಾತಿನಲ್ಲಿ ಇದ್ದರೂ ನಿಮ್ಮ ಪಾಲಿಗೆ ಅದು ಹಾರ್ವರ್ಡ್‌ನಷ್ಟೇ ಕಷ್ಟವಾಗಬಹುದು.

ಇಷ್ಟು ಬಿಗಿಯಿರುವ ಕಡೆ ಅಡ್ಡದಾರಿಗಳೂ ಹುಟ್ಟುತ್ತವೆ. 2019ರ ಮಾರ್ಚ್‌ನಲ್ಲಿ ಅಮೆರಿಕದಲ್ಲೇ ಸಿಡಿದ ಹಗರಣದಲ್ಲಿ, ಆಡದ ಆಟದ ಪಟುಗಳೆಂದು ಶ್ರೀಮಂತರ ಮಕ್ಕಳನ್ನು ಒಳಸೇರಿಸಿದ ರಿಕ್ ಸಿಂಗರ್‌ಗೆ ಮೂರೂವರೆ ವರ್ಷ ಜೈಲಾಯಿತು. ನಮ್ಮವರ ಕತೆಯೂ ಇದೆ. ಪೆನ್ಸಿಲ್ವೇನಿಯದ ಲೀಹೈ ವಿಶ್ವವಿದ್ಯಾಲಯಕ್ಕೆ ನಕಲಿ ಅಂಕಪಟ್ಟಿ ಕೊಟ್ಟು, ಬದುಕಿದ್ದ ಅಪ್ಪ ಸತ್ತನೆಂದು ಕಾಗದ ಸೃಷ್ಟಿಸಿ ಪೂರ್ತಿ ನೆರವು ಪಡೆದಿದ್ದ ಭಾರತೀಯ ವಿದ್ಯಾರ್ಥಿಯೊಬ್ಬ, ಹೆಸರು ಮರೆಸಿ ಜಾಲದಲ್ಲಿ ಬಡಾಯಿ ಕೊಚ್ಚಿಕೊಂಡು ತಾನೇ ಸಿಕ್ಕಿಬಿದ್ದ. 2024ರಲ್ಲಿ ತಪ್ಪೊಪ್ಪಿಕೊಂಡು ದೇಶಕ್ಕೆ ಮರಳಬೇಕಾಯಿತು. ಇಂಥದ್ದರ ಬೆಲೆಯನ್ನು ಮುಂದಿನ ವರ್ಷ ಅರ್ಜಿ ಹಾಕುವ ಪ್ರಾಮಾಣಿಕ ಮಕ್ಕಳು ತೆರುತ್ತಾರೆ.

## ಸೀಟು ಸಿಕ್ಕ ಮೇಲೂ

2025 ಬಂದ ಮೇಲೆ ಲೆಕ್ಕಕ್ಕೆ ಹೊಸ ಸಾಲೊಂದು ಸೇರಿದೆ. ಮೇ 22ರಂದು ಟ್ರಂಪ್ ಸರಕಾರ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಹಾರ್ವರ್ಡ್‌ನ ಅಧಿಕಾರವನ್ನೇ ಕಿತ್ತುಕೊಂಡಿತು. ಮರುದಿನವೇ ತಡೆ ಕೊಟ್ಟವರು ನ್ಯಾಯಾಧೀಶೆ ಅಲಿಸನ್ ಬರೋಸ್. 2018ರ ವಿಚಾರಣೆ ನಡೆಸಿದ್ದೂ ಅವರೇ. ಅದೇ ತಿಂಗಳ ಕೊನೆಯಲ್ಲಿ ಜಗತ್ತಿನಾದ್ಯಂತ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳು ನಿಂತವು. ಜೂನ್‌ನಲ್ಲಿ ಮತ್ತೆ ಶುರುವಾದಾಗ ಸಾಮಾಜಿಕ ಜಾಲತಾಣದ ಖಾತೆಗಳನ್ನು ತೆರೆದು ತೋರಿಸಬೇಕೆಂಬ ಷರತ್ತು ಬಂದಿತ್ತು.

ಅಕ್ಟೋಬರ್‌ನಲ್ಲಿ ಸರಕಾರ ಒಂಬತ್ತು ವಿಶ್ವವಿದ್ಯಾಲಯಗಳ ಮುಂದೆ ಒಪ್ಪಂದವೊಂದನ್ನಿಟ್ಟಿತು. ಪದವಿ ವಿದ್ಯಾರ್ಥಿಗಳಲ್ಲಿ ವಿದೇಶಿಯರು ಶೇ 15 ಮೀರಬಾರದು, ಯಾವುದೇ ಒಂದು ದೇಶದವರು ಶೇ 5 ದಾಟಬಾರದು ಎಂಬುದು ಅದರ ಷರತ್ತುಗಳಲ್ಲಿ ಒಂದು. ಮೊದಲು ಬೇಡ ಎಂದದ್ದು ಎಂಐಟಿ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯಲು ಇಷ್ಟು ಸಾಕು. ಸಮಿತಿ ಒಪ್ಪಿದ ಮೇಲೂ ವೀಸಾ ಅಧಿಕಾರಿ ಒಪ್ಪಬೇಕು. ಓದು ಮುಗಿದ ಮೇಲೆ ವಿದ್ಯಾರ್ಥಿ ವಾಪಸು ಬರುತ್ತಾನೆ ಎಂದು ಆತನಿಗೆ ನಂಬಿಕೆ ಬರಬೇಕು.

ಈ ಕಾರಣಕ್ಕೇ ಪಟ್ಟಿಯಲ್ಲಿ ಅಮೆರಿಕವೊಂದೇ ಇರಬಾರದು. ಬ್ರಿಟನ್ನಿನ ಬಹುತೇಕ ವಿಶ್ವವಿದ್ಯಾಲಯಗಳು ಹನ್ನೆರಡನೇ ತರಗತಿಯಲ್ಲಿ ಇಷ್ಟು ಅಂಕ ತಂದರೆ ಸೀಟು ಎಂದು ಷರತ್ತು ಬರೆದೇ ಕೊಡುತ್ತವೆ. ನಮ್ಮ ಜಾಯಮಾನಕ್ಕೆ ಹೊಂದುವ ಪದ್ಧತಿ ಅದು. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಟೊರೊಂಟೊ ವಿಶ್ವವಿದ್ಯಾಲಯದ ಲೆಸ್ಟರ್ ಪಿಯರ್‌ಸನ್ ವಿದ್ಯಾರ್ಥಿವೇತನ ವರ್ಷಕ್ಕೆ ಸುಮಾರು 37 ವಿದೇಶಿ ವಿದ್ಯಾರ್ಥಿಗಳ ಪೂರ್ತಿ ಖರ್ಚು ಹೊರುತ್ತದೆ. ಕಷ್ಟವೇ, ಆದರೆ ನಿಯಮ ಸ್ಪಷ್ಟ. ಸಿಇಟಿ, ಜೆಇಇಯನ್ನಂತೂ ಬಿಡುವ ಮಾತೇ ಬೇಡ.

ಗಡುವುಗಳು

• ಅರ್ಲಿ ಸುತ್ತಿನ ಅರ್ಜಿ: ನವೆಂಬರ್ 1ರ ಸುಮಾರಿಗೆ, ಫಲಿತಾಂಶ ಡಿಸೆಂಬರ್ ಮಧ್ಯದಲ್ಲಿ
• ಸಾಮಾನ್ಯ ಸುತ್ತು: ಜನವರಿ ಮೊದಲ ವಾರ, ಫಲಿತಾಂಶ ಮಾರ್ಚ್‌ನಲ್ಲಿ
• ಒಪ್ಪಿಗೆ ತಿಳಿಸಲು ಸಾಮಾನ್ಯವಾಗಿ ಕೊನೆಯ ದಿನ: ಮೇ 1
• ನೆರವಿನ ಅರ್ಜಿಗೆ ಬೇರೆ ಗಡುವು ಇರುತ್ತದೆ. ಪ್ರವೇಶದ ಗಡುವಿನ ಜೊತೆ ಕಲಸಿಕೊಳ್ಳಬೇಡಿ

‘ಚಾನ್ಸ್ ಎಷ್ಟಿದೆ’ ಎಂದು ಕೇಳಿದವರಿಗೆ ಶೇಕಡಾವಾರು ಅಂಕಿ ಹೇಳುವ ಕನ್ಸಲ್ಟೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ‘ಗ್ಯಾರಂಟಿ’ ಎಂದರಂತೂ ಕಾಫಿಯನ್ನೂ ಕುಡಿಯದೆ ಎದ್ದು ಬನ್ನಿ. ಆ ಅಂಕಿ ಯಾರ ಹತ್ತಿರವೂ ಇಲ್ಲ, ಬ್ರ್ಯಾಟಲ್ ಬೀದಿಯವರ ಹತ್ತಿರವೂ ಮಾರ್ಚ್‌ವರೆಗೆ ಇರುವುದಿಲ್ಲ.

ನಿಮ್ಮ ಮಗ ಅಥವಾ ಮಗಳು ಈಗ ಪ್ರಥಮ ಪಿಯುನಲ್ಲಿದ್ದರೆ ಒಂದು ಕೆಲಸ ಮಾಡಿ. ಸ್ಯಾಟ್ ಪುಸ್ತಕ ಕೊಳ್ಳುವ ಮೊದಲು, ಕೋಚಿಂಗಿಗೆ ಮುಂಗಡ ಕಟ್ಟುವ ಮೊದಲು, ಗಂಡ ಹೆಂಡತಿ ಇಬ್ಬರೂ ಕೂತು, ಮನೆ ಅಡವಿಡದೆ, ಅಜ್ಜನ ಜಮೀನಿಗೆ ಕೈ ಹಾಕದೆ ವರ್ಷಕ್ಕೆ ಎಷ್ಟು ಕೊಡಬಲ್ಲೆವು ಎಂಬ ಅಂಕಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅದನ್ನು ಮಗುವಿಗೆ ತೋರಿಸಿ. ಆಮೇಲೆ ಕಾಮನ್ ಡೇಟಾ ಸೆಟ್ ತೆರೆದು ಎಚ್6 ನೋಡುತ್ತಾ ಕಾಲೇಜುಗಳ ಪಟ್ಟಿ ಮಾಡಿ.